ಕೊಳಚೆಕೊಳದ ಬೀಗದ ಕೈ

ಮಲೆನಾಡಿನ ಪಟ್ಟಣಗಳಲ್ಲಿ ಒಳಚರಂಡಿಯ ಕೊನೆ ಎಲ್ಲಿದೆ ಎಂಬುದು ಊರಿನ ಬಹುಪಾಲು ಜನರಿಗೆ ತಿಳಿಯದು. ತಿಳಿದವರೂ ಆ ದಾರಿಯಲ್ಲಿ ಮೂಗಿಗೆ ಸೆರಗನ್ನೋ ಕರವಸ್ತ್ರವನ್ನೋ ಹಿಡಿದು ಬೇಗ ದಾಟಿಹೋಗುತ್ತಾರೆ. ಆದರೆ ಕಾರ್ತೀಕದ ಚಳಿ ಇಳಿಯುವ ಹೊತ್ತಿಗೆ ಅದೇ ತಾಣವನ್ನು ಹುಡುಕಿಕೊಂಡು ಬರುವ ಅತಿಥಿಗಳೂ ಇದ್ದಾರೆ. ಉತ್ತರದ ಶೀತಪ್ರದೇಶಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬಂದ ಗದ್ದೆಗೊರವಗಳು ಕೊಳಚೆಕೊಳದ ಏರಿಯ ಅಂಚಿನಲ್ಲಿ ಬಾಲ ಕುಣಿಸುತ್ತ ಹುಳು ಹೆಕ್ಕುತ್ತವೆ. ಕುಂಡೆಕುಸ್ಕಗಳು, ಮೆಟ್ಟುಗಾಲು ಹಕ್ಕಿಗಳು, ಗುಳುಮುಳುಕಗಳು ಜೊತೆಗೂಡುತ್ತವೆ. ಇವುಗಳ ಬೆನ್ನುಹತ್ತಿ ದುರ್ಬೀನು ಹಿಡಿದ ಒಬ್ಬಿಬ್ಬರು ಕಾಲೇಜು ವಿದ್ಯಾರ್ಥಿಗಳೂ ಬರುತ್ತಾರೆ. ಗೇಟಿಗೆ ಬೀಗ ಹಾಕಿರುತ್ತದೆ, ಬೇಲಿಯಲ್ಲಿ ಒಂದು ಕಂಡಿ ಇರುತ್ತದೆ. ಅವರು ಕಂಡಿಯಲ್ಲಿ ನುಸುಳುತ್ತಾರೆ.

ಆ ಬೀಗವೂ ಸರಿಯಲ್ಲ, ಆ ಕಂಡಿಯೂ ಸರಿಯಲ್ಲ. ಊರಿನ ಹೊಲಸು ಎಲ್ಲಿ ಸೇರುತ್ತದೆ, ಏನಾಗಿ ಹೊರಬೀಳುತ್ತದೆ ಎಂಬುದನ್ನು ನೋಡುವ ಹಕ್ಕು ಊರಿಗಿದೆ. ಆ ಹಕ್ಕನ್ನು ಬೇಲಿ ಹಾರಿ ಪಡೆಯಬೇಕಾದ ಸ್ಥಿತಿ ಆಡಳಿತಕ್ಕೂ ಗೌರವ ತರುವುದಿಲ್ಲ, ಹಕ್ಕಿ ನೋಡುವವರಿಗೂ ತರುವುದಿಲ್ಲ. ಗೇಟು ತೆರೆಯಬೇಕು. ಆದರೆ ಸಂತೆಮಾಳದ ಗೇಟಿನಂತೆ ಹಗಲೆಲ್ಲ ತೆರೆದಿರುವುದಲ್ಲ. ಬರಹದಲ್ಲಿ ಅನುಮತಿ ಪಡೆದು, ದಾಖಲೆ ಪುಸ್ತಕದಲ್ಲಿ ಹೆಸರು ಬರೆದು, ಷರತ್ತುಗಳಿಗೆ ಒಪ್ಪಿ ಬಂದವರಿಗೆ ತೆರೆಯಬೇಕು. ಇದು ಸಣ್ಣ ವಿಷಯವೆಂದು ಕಂಡೀತು. ಮಲೆನಾಡಿನ ಹಳ್ಳ, ಹೊಳೆ, ಬಾವಿಗಳ ಪ್ರಶ್ನೆ ಇದರೊಳಗೆ ಅಡಗಿರುವುದರಿಂದ ಇದು ಅಷ್ಟು ಸಣ್ಣದಲ್ಲ.

ಹಕ್ಕಿಗಳು ಅಲ್ಲಿಗೇ ಏಕೆ ಬರುತ್ತವೆ ಎಂಬುದನ್ನು ಮೊದಲು ನೋಡಬೇಕು. ಕೊಳಗಳ ಮೂಲಕ ಕೊಳಚೆಯನ್ನು ಶುದ್ಧಗೊಳಿಸುವ ಪದ್ಧತಿ ಹಳೆಯದು, ಸರಳವಾದುದು. ಮೊದಲನೆಯ ಕೊಳ ಎರಡರಿಂದ ಐದು ಮೀಟರ್ ಆಳವಿರುತ್ತದೆ. ಅಲ್ಲಿ ಆಮ್ಲಜನಕವಿಲ್ಲ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ತಳಕ್ಕೆ ಇಳಿದ ಹೊಲಸನ್ನು ಕೊಳೆಯಿಸುತ್ತವೆ. ಎರಡನೆಯ ಕೊಳ ಆಳ ಕಡಿಮೆ, ವಿಸ್ತಾರ ಹೆಚ್ಚು. ಬಿಸಿಲಿಗೆ ಪಾಚಿ ಬೆಳೆದು ಹಗಲೆಲ್ಲ ಆಮ್ಲಜನಕವನ್ನು ಬಿಡುತ್ತದೆ. ಅದನ್ನು ಉಸಿರಾಡುವ ಬ್ಯಾಕ್ಟೀರಿಯಾಗಳು ಉಳಿದ ಕಲ್ಮಶವನ್ನು ತಿಂದು, ಪಾಚಿಗೆ ಬೇಕಾದ ಆಹಾರವನ್ನು ಹಿಂತಿರುಗಿಸುತ್ತವೆ. ಕೊನೆಯ ಕೊಳ ಒಂದು, ಒಂದೂವರೆ ಮೀಟರಿಗಿಂತ ಆಳವಿರುವುದಿಲ್ಲ. ಅಲ್ಲಿ ಬಿಸಿಲೇ ರೋಗಾಣುಗಳನ್ನು ಕೊಲ್ಲುವ ಔಷಧಿ. ಮೋಟಾರು ಬೇಡ, ವಿದ್ಯುತ್ತು ಅಷ್ಟಾಗಿ ಬೇಡ. ಬೇಕಾದುದು ಜಾಗ, ಬಿಸಿಲು ಮತ್ತು ದಿನಗಟ್ಟಲೆ ತಾಳ್ಮೆ.

ಇಂತಹ ನೀರಿನಲ್ಲಿ ಸಾರಜನಕ, ರಂಜಕಗಳು ಹೇರಳ. ಪಾಚಿಯನ್ನು ತಿನ್ನುವ ಸೂಕ್ಷ್ಮಜೀವಿಗಳು, ಕೆಸರಿನಲ್ಲಿ ಬೆಳೆಯುವ ಕೆಂಪು ಹುಳುಗಳು, ನೀರಿನಿಂದ ಮೇಲೇಳುವ ನೊಣಗಳು ಲೆಕ್ಕಕ್ಕೆ ಸಿಗದಷ್ಟು. ಸಲಿಕೆಯಂಥ ಕೊಕ್ಕಿನ ಬಾತುಗಳು ನೀರನ್ನು ಜಾಲಿಸಿ ತಿನ್ನುತ್ತವೆ. ಉಲ್ಲಂಕಿಗಳು ಕೆಸರನ್ನು ಚುಚ್ಚಿ ತಿನ್ನುತ್ತವೆ. ಕವಲುತೋಕೆಗಳು ಹಾರುತ್ತಲೇ ನೊಣ ಹಿಡಿಯುತ್ತವೆ. ಇನ್ನೊಂದು ಕಾರಣವನ್ನು ಪಕ್ಷಿವೀಕ್ಷಕರು ಮರೆಯುವುದುಂಟು. ಅಲ್ಲಿ ಬೇಲಿಯಿದೆ, ಜನರ ಓಡಾಟವಿಲ್ಲ, ಬಲೆ ಬೀಸುವವರಿಲ್ಲ, ಬೇಲಿ ಗಟ್ಟಿಯಿದ್ದರೆ ನಾಯಿಗಳೂ ಇಲ್ಲ. ಹಕ್ಕಿಗಳನ್ನು ಕರೆತಂದಿರುವುದರಲ್ಲಿ ಕೊಳದ ಪಾಲು ಅರ್ಧ, ಬೇಲಿಯ ಪಾಲು ಅರ್ಧ. ಗೇಟು ತೆರೆಯಿರಿ ಎನ್ನುವವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಕೇಳಬೇಕು.

ಮಲೆನಾಡಿಗೆ ಮಾತ್ರ ಸಂಬಂಧಪಟ್ಟ ಕಾರಣವೊಂದಿದೆ. ಗದ್ದೆಗೊರವಕ್ಕೆ ಆ ಹೆಸರು ಬಂದುದು ಗದ್ದೆಯಿಂದ. ಕೊಯ್ಲಿನ ನಂತರವೂ ಕಾಲು ಹೂಳುವಷ್ಟು ತೇವವಿರುತ್ತಿದ್ದ ಕಣಿವೆಯ ಗದ್ದೆಗಳು ಚಳಿಗಾಲದ ವಲಸೆಹಕ್ಕಿಗಳ ಊಟದ ಮನೆಗಳಾಗಿದ್ದವು. ಕಳೆದ ಕೆಲವು ದಶಕಗಳಲ್ಲಿ ಅವುಗಳಲ್ಲಿ ಬಹಳಷ್ಟು ಅಡಿಕೆ ತೋಟಗಳಾದವು, ಕೆಲವು ಪಾಳುಬಿದ್ದವು, ರಸ್ತೆಬದಿಯವು ನಿವೇಶನಗಳಾದವು. ಗದ್ದೆ ಮಾಡಿದರೆ ಕೂಲಿಯೂ ಹುಟ್ಟದ ಕಾಲದಲ್ಲಿ ರೈತನನ್ನು ದೂರಿ ಫಲವಿಲ್ಲ. ಆದರೆ ಗದ್ದೆ ಕಳೆದುಕೊಂಡ ಹಕ್ಕಿ ಪಟ್ಟಣದ ಕೊಳಚೆಕೊಳದ ಅಂಚಿಗೆ ಬಂದು ನಿಂತಿದೆ ಎಂಬುದು ಯೋಚಿಸಬೇಕಾದ ಸಂಗತಿ. ಸೊರಬದ ಗುಡವಿ, ತುಂಗಾ ನದಿಯ ಮಂಡಗದ್ದೆಗಳಿಗೆ ಪಕ್ಷಿಧಾಮವೆಂಬ ಫಲಕವಿದೆ, ನೋಡಲು ಬರುವ ಜನರಿದ್ದಾರೆ. ಕೊಳಚೆಕೊಳದ ಫಲಕದಲ್ಲಿ ‘ಪ್ರವೇಶವಿಲ್ಲ’ ಎಂಬ ಒಂದೇ ಮಾತು.

ಹೀಗೆಯೇ ಇರಬೇಕೆಂದೇನೂ ಇಲ್ಲ ಎಂಬುದಕ್ಕೆ ಜಗತ್ತಿನಲ್ಲಿ ಉದಾಹರಣೆಗಳಿವೆ. ಅವುಗಳಲ್ಲಿ ದೊಡ್ಡದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಿಂದ ನೈಋತ್ಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿ, ಸಮುದ್ರದ ಕೊಲ್ಲಿಗೆ ತಾಗಿಕೊಂಡಿರುವ ವೆರಿಬೀ. 1880ರ ದಶಕದಲ್ಲಿ ಮೆಲ್ಬರ್ನ್ ಚಿನ್ನದ ಗಣಿಗಳಿಂದ ಸಿರಿವಂತವಾಗಿದ್ದರೂ ತೆರೆದ ಚರಂಡಿಗಳ ನಾತಕ್ಕೆ ಕುಖ್ಯಾತವಾಗಿತ್ತು; ವಿಷಮಶೀತಜ್ವರ ಪದೇ ಪದೇ ಹಬ್ಬುತ್ತಿತ್ತು. 1897ರಲ್ಲಿ ನಗರದ ಕೊಳಚೆಯನ್ನು ಕೊಳವೆಗಳಲ್ಲಿ ವೆರಿಬೀಯ ಬಯಲಿಗೆ ಒಯ್ಯುವ ವ್ಯವಸ್ಥೆ ಆರಂಭವಾಯಿತು. ಬೇಸಗೆಯಲ್ಲಿ ಕೊಳಚೆಯನ್ನು ಹುಲ್ಲುಗಾವಲಿಗೆ ಹಾಯಿಸಿ ಆ ಹುಲ್ಲಿನಲ್ಲಿ ದನಕುರಿಗಳನ್ನು ಮೇಯಿಸುತ್ತಿದ್ದರು. ಮಳೆ ಹೆಚ್ಚಾದಾಗ ನೀರು ಕೊಳಗಳಿಗೆ ಹೋಗುತ್ತಿತ್ತು. ಅಲ್ಲಿ ದುಡಿಯುವವರಿಗಾಗಿ ಕೊಕೊರಾಕ್ ಎಂಬ ಒಂದು ಊರೇ ಹುಟ್ಟಿ, ಶಾಲೆ ಆಟದ ಮೈದಾನಗಳೊಡನೆ ಬಾಳಿ, ಕಾಲಾಂತರದಲ್ಲಿ ಬರಿದಾಯಿತು. ಇಂದು ಮೆಲ್ಬರ್ನಿನ ಕೊಳಚೆಯಲ್ಲಿ ಸುಮಾರು ಅರ್ಧದಷ್ಟು, ಹತ್ತು ಸಾವಿರಕ್ಕೂ ಹೆಚ್ಚು ಹೆಕ್ಟೇರು ವಿಸ್ತಾರದ ಆ ತಾಣದಲ್ಲಿ ಶುದ್ಧವಾಗುತ್ತಿದೆ.

ಅದೇ ತಾಣದಲ್ಲಿ ಈವರೆಗೆ ಸುಮಾರು 300 ಜಾತಿಯ ಹಕ್ಕಿಗಳು ದಾಖಲಾಗಿವೆ. ಸೈಬೀರಿಯಾದ ತಂಪುಬಯಲುಗಳಲ್ಲಿ ಹುಟ್ಟಿದ ಬಾಗುಕೊಕ್ಕಿನ ಉಲ್ಲಂಕಿಗಳು ಅಲ್ಲಿಗೆ ಸಾವಿರ ಸಾವಿರ ಮೈಲಿ ಹಾರಿ ಬರುತ್ತವೆ. ಅದೇ ಜಾತಿಯ ಬೇರೆ ಗುಂಪುಗಳು ಬೇರೊಂದು ದಾರಿ ಹಿಡಿದು ಭಾರತದ ಕರಾವಳಿಗೂ ಇಳಿಯುತ್ತವೆ. 1982ರಲ್ಲಿ ಈ ಕೊಳಚೆಕೊಳಗಳನ್ನೂ ಒಳಗೊಂಡ ಕೊಲ್ಲಿಯ ಪಶ್ಚಿಮ ದಡ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೊಳಚೆಕೊಳಕ್ಕೆ ಇಂಥ ಮನ್ನಣೆಯೇ ಎಂದು ಹುಬ್ಬೇರಿಸಬೇಕಾಗಿಲ್ಲ. ಹಕ್ಕಿಗಳು ಪಟ್ಟಿ ನೋಡಿ ಬಂದವುಗಳಲ್ಲ. ಹಕ್ಕಿಗಳನ್ನು ನೋಡಿ ಪಟ್ಟಿ ಬಂದಿತು.

ಅಲ್ಲಿನ ಪ್ರವೇಶದ ಕ್ರಮ ಗಮನಾರ್ಹವಾದುದು. ಹಕ್ಕಿ ನೋಡಲು ಬರುವವರು ಘಟಕವನ್ನು ನಡೆಸುವ ಸಂಸ್ಥೆಗೆ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಅಪಾಯಗಳೇನು, ಯಾವ ರಸ್ತೆಯಲ್ಲಿ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂಬುದನ್ನು ತಿಳಿದುಕೊಂಡು ಷರತ್ತುಗಳಿಗೆ ಒಪ್ಪಬೇಕು. ಗೇಟಿನ ಬೀಗದ ಕೈಯನ್ನು ಠೇವಣಿ ಪಡೆದು ಹಕ್ಕಿ ನೋಡುವವರ ಕೈಗೇ ಕೊಡುವ ರೂಢಿಯನ್ನು ಆ ಸಂಸ್ಥೆ ಬೆಳೆಸಿತು. ಒಳಹೋದವರು ತಮ್ಮ ಹಿಂದೆ ಗೇಟು ಮುಚ್ಚಬೇಕು. ಬೀಗದ ಕೈ ಕೊಟ್ಟುದರಲ್ಲಿ ನಂಬಿಕೆಯೂ ಇದೆ, ಹೊಣೆಯೂ ಇದೆ. ಕೈಯಲ್ಲಿ ಕೀಲಿ ಇರುವವನು ಬೇಲಿ ಕತ್ತರಿಸುವುದಿಲ್ಲ. ಬೇರೆಯವರು ಕತ್ತರಿಸಿದ್ದನ್ನು ಕಂಡರೆ ತಿಳಿಸುತ್ತಾನೆ.

ವೆರಿಬೀಯಲ್ಲಿ ಇನ್ನೂ ಹೆಚ್ಚು ಕಲಿಯಬೇಕಾದ ಪ್ರಸಂಗವೊಂದು ನಡೆಯಿತು. 1996ರಲ್ಲಿ ಮುಗಿದ ಒಂದು ವೈಜ್ಞಾನಿಕ ಅಧ್ಯಯನ, ಕೊಲ್ಲಿಯ ನೀರಿಗೆ ಸೇರುವ ಸಾರಜನಕವನ್ನು ವರ್ಷಕ್ಕೆ 1000 ಟನ್ನಿನಷ್ಟು ತಗ್ಗಿಸಬೇಕೆಂದು ಹೇಳಿತು. ಅದರಲ್ಲಿ ದೊಡ್ಡ ಪಾಲನ್ನು ಕೊಳಚೆಘಟಕವೇ ತಗ್ಗಿಸಬೇಕಾಗಿತ್ತು. ಸರಿಯಾದ ಮಾತೇ. ಆದರೆ ಕೊಳಚೆ ಹೆಚ್ಚು ಶುದ್ಧವಾದಷ್ಟೂ ನೀರಿನಲ್ಲಿ ಹಕ್ಕಿಗಳ ಆಹಾರ ಕಡಿಮೆಯಾಗುತ್ತದೆ. ಕೊಲ್ಲಿಯನ್ನು ಉಳಿಸಲು ಹೊರಟರೆ ಕೊಳದ ಹಕ್ಕಿಗೆ ಹಸಿವು. ಈ ಇಕ್ಕಟ್ಟಿನಲ್ಲಿ ಯಾರ ಬಳಿಯೂ ಲೆಕ್ಕವಿಲ್ಲದಿದ್ದರೆ ಹಕ್ಕಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಲ್ಲಿ ಲೆಕ್ಕವಿತ್ತು. ಯಾವ ಕೊಳದಲ್ಲಿ, ಯಾವ ತಿಂಗಳಲ್ಲಿ, ಯಾವ ಹಕ್ಕಿ ಎಷ್ಟು ಎಂಬುದನ್ನು ಹವ್ಯಾಸಿಗಳು ದಶಕಗಳಿಂದ ಎಣಿಸಿ ಬರೆದಿಟ್ಟಿದ್ದರು. 2000ದ ದಶಕದ ಮೊದಲ ಭಾಗದಲ್ಲಿ ಘಟಕವನ್ನು ನವೀಕರಿಸಿ, ಹುಲ್ಲುಗಾವಲಿಗೆ ಕೊಳಚೆ ಹಾಯಿಸುವುದನ್ನು ನಿಲ್ಲಿಸಿದಾಗ, ಶುದ್ಧೀಕರಣಕ್ಕೆ ಇನ್ನು ಬೇಡವಾದ ಕೆಲವು ಹಳೆಯ ಕೊಳಗಳನ್ನು ಮುಚ್ಚದೆ ಹಕ್ಕಿಗಳಿಗಾಗಿಯೇ ನೀರು ಹರಿಸಿ ಉಳಿಸಿಕೊಂಡರು. ಹಕ್ಕಿಗಳ ಸಂಖ್ಯೆಯ ಮೇಲೆ ವೈಜ್ಞಾನಿಕ ನಿಗಾ ಇಟ್ಟರು. ಎಲ್ಲ ಜಾತಿಗಳೂ ಉಳಿದವೆಂದಲ್ಲ. ಬಾಗುಕೊಕ್ಕಿನ ಉಲ್ಲಂಕಿಯ ಸಂಖ್ಯೆ ಆಸ್ಟ್ರೇಲಿಯಾದಾದ್ಯಂತ ಕುಸಿದಿದೆ. ಅದಕ್ಕೆ ಮುಖ್ಯ ಕಾರಣ ದಾರಿಯಲ್ಲಿ, ಹಳದಿ ಸಮುದ್ರದ ದಡದಲ್ಲಿ, ಅವು ಇಳಿದು ದಣಿವಾರಿಸಿಕೊಳ್ಳುವ ಕೆಸರುಬಯಲುಗಳ ನಾಶ. ಕೊಳಚೆಕೊಳವೊಂದೇ ಹಕ್ಕಿಯನ್ನು ಕಾಯಲಾರದು.

ವೆರಿಬೀ ಶ್ರೀಮಂತ ದೇಶದ, ವಿಶಾಲ ಬಯಲಿನ ಮಾತಾಯಿತು ಎನ್ನುವವರು ಅಮೆರಿಕದ ಕ್ಯಾಲಿಫೋರ್ನಿಯಾದ ಆರ್ಕೇಟಾ ಎಂಬ ಸಣ್ಣ ಪಟ್ಟಣವನ್ನು ನೋಡಬಹುದು. 1970ರ ದಶಕದಲ್ಲಿ ಅಲ್ಲಿನ ಸರಕಾರ ಹಲವು ಊರುಗಳ ಕೊಳಚೆಯನ್ನು ಒಟ್ಟುಗೂಡಿಸುವ ಭಾರೀ ವೆಚ್ಚದ ಯೋಜನೆಯೊಂದನ್ನು ತಂದಾಗ ಆರ್ಕೇಟಾದ ಜನ ಒಪ್ಪಲಿಲ್ಲ. ಸ್ಥಳೀಯ ವಿಶ್ವವಿದ್ಯಾಲಯದ ಅಧ್ಯಾಪಕರ ನೆರವಿನಿಂದ, ಹಾಳುಬಿದ್ದ ಸಮುದ್ರದಂಡೆಯಲ್ಲಿ ಜೌಗುಭೂಮಿ ನಿರ್ಮಿಸಿ ಅದರ ಮೂಲಕ ತಮ್ಮ ಕೊಳಚೆಯನ್ನು ತಾವೇ ಶುದ್ಧಗೊಳಿಸುವುದಾಗಿ ಹೇಳಿ, ಪ್ರಯೋಗ ಮಾಡಿ ತೋರಿಸಿ, 1986ರಲ್ಲಿ ಅದನ್ನು ಪೂರ್ಣಗೊಳಿಸಿದರು. ಆ ಜೌಗಿನ ನಡುವೆ ಕಾಲುದಾರಿಗಳಿವೆ, ಸಾರ್ವಜನಿಕರಿಗೆ ಮುಕ್ತ ಪ್ರವೇಶವಿದೆ, ಪ್ರತಿ ವಸಂತದಲ್ಲಿ ಊರಿನಲ್ಲಿ ಪಕ್ಷಿಗಳ ಹೆಸರಿನಲ್ಲೊಂದು ಉತ್ಸವ ನಡೆಯುತ್ತದೆ. ಬೇಡವೆಂದು ಹೇಳಿ ಸುಮ್ಮನಾಗದೆ, ಬೇಕಾದುದನ್ನು ತಾವೇ ಮಾಡಿ ತೋರಿಸಿದ ಚಳವಳಿ ಅದು. ಯೋಜನೆಗಳನ್ನು ಎದುರಿಸುವುದೇ ಅಭ್ಯಾಸವಾಗಿಹೋದ ಗುಡ್ಡಗಾಡಿನ ಸಂಘಟನೆಗಳಿಗೆ ಈ ಎರಡನೆಯ ಹೆಜ್ಜೆ ಸ್ವಲ್ಪ ಅಪರಿಚಿತ ಎಂದರೆ ತಪ್ಪಾಗದು.

ಇನ್ನು ಕೊಲ್ಕತ್ತಾದ ಪೂರ್ವದಂಚಿನ ಜೌಗುಭೂಮಿಗಳು. ಸುಮಾರು 12,500 ಹೆಕ್ಟೇರು ವಿಸ್ತಾರದ ಆ ಪ್ರದೇಶದಲ್ಲಿ ನಗರದ ಕೊಳಚೆ ನೀರು ಬಿಸಿಲಿನಲ್ಲಿ ಪಕ್ವವಾಗಿ ಮೀನುಕೊಳಗಳನ್ನೂ ತರಕಾರಿ ಹೊಲಗಳನ್ನೂ ಸಾಕುತ್ತಿದೆ. ಅದನ್ನು ಕಟ್ಟಿದ್ದು ಎಂಜಿನಿಯರುಗಳಲ್ಲ, ಬೆಸ್ತರು ಮತ್ತು ರೈತರು. ಅವರ ಅರಿವನ್ನು ಲೋಕಕ್ಕೆ ತಿಳಿಸಿದವರು ಧ್ರುವಜ್ಯೋತಿ ಘೋಷ್. ಅಲ್ಲಿ ಕಟ್ಟಡಗಳು ಏಳದಂತೆ 1992ರಲ್ಲಿ ಕಲ್ಕತ್ತಾ ಹೈಕೋರ್ಟು ತಡೆದುದೂ, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಆ ತಾಣ ಸೇರಿದುದೂ ಆ ಅರಿವಿನ ಬಲದಿಂದಲೇ. ಅಂಥಲ್ಲಿ ಹಕ್ಕಿ ನೋಡಲು ಹೋದವನು ಇನ್ನೊಬ್ಬರ ಅಂಗಳಕ್ಕೆ ಕಾಲಿಟ್ಟಂತೆ. ಮೀನಿಗೆ ಕೊಕ್ಕು ಹಾಕುವ ನೀರುಕಾಗೆ ನೋಡುಗನಿಗೆ ಚೆಂದ, ಬೆಸ್ತನಿಗೆ ನಷ್ಟ. ಈ ಭೇದವನ್ನು ಅರಿಯದವನು ದುರ್ಬೀನನ್ನು ಮನೆಯಲ್ಲೇ ಬಿಟ್ಟು ಹೋಗುವುದು ಮೇಲು.

ಕರ್ನಾಟಕದಲ್ಲಿಯೂ ಇಂತಹ ತಾಣಗಳು ಇಲ್ಲದಿಲ್ಲ. ಬೆಂಗಳೂರಿನ ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದಿಂದ ಬರುವ ನೀರು ನಿರ್ಮಿತ ಜೌಗಿನ ಮೂಲಕ ಹಾದು ಸೇರುತ್ತದೆ. ಏರಿಯ ಮೇಲೆ ಜನ ನಡೆದಾಡುತ್ತಾರೆ, ಹೆಜ್ಜಾರ್ಲೆಗಳು ಈಜುತ್ತವೆ, ಊರಿನವರು ಸೇರಿ ಕೆರೆಯ ಮೇಲೆ ಕಣ್ಣಿಟ್ಟಿದ್ದಾರೆ. ಅದೇ ನಗರದ ಬೆಳ್ಳಂದೂರು ಕೆರೆಗೆ ಕೊಳಚೆ ನೇರವಾಗಿ ಸೇರಿ, ನೊರೆಯುಕ್ಕಿ, 2015, 2017, 2018ರಲ್ಲಿ ಬೆಂಕಿಯೂ ಕಾಣಿಸಿಕೊಂಡಿತು. ಹಾಗಿದ್ದರೂ ಬೆಳ್ಳಂದೂರಿನಲ್ಲಿ ಹಕ್ಕಿಗಳು ಇರಲೇ ಇಲ್ಲವೆನ್ನುವಂತಿಲ್ಲ. 2018ರ ಜೂನ್‌ನಿಂದ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ಹರಿಸತೊಡಗಿದಾಗ, ಎರಡನೆಯ ಹಂತದವರೆಗಿನ ಸಂಸ್ಕರಣೆ ಸಾಕೇ ಎಂಬ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಒಣಗಿದ್ದ ಕೆರೆಗಳು ತುಂಬಿದಾಗ ಹಕ್ಕಿಗಳು ಬಂದವೆಂಬುದೂ ನಿಜ. ಆ ಪ್ರಶ್ನೆಗೆ ಹಕ್ಕಿಗಳು ಉತ್ತರವಾಗಲಿಲ್ಲವೆಂಬುದೂ ನಿಜ.

ಇಲ್ಲಿ ಎಚ್ಚರ ಬೇಕು. ‘ಹಕ್ಕಿಗಳೇ ಬಂದಿವೆ, ನೀರು ಕೆಟ್ಟಿದ್ದರೆ ಬರುತ್ತಿದ್ದವೇ’ ಎಂಬ ಮಾತು ಅಧಿಕಾರಿಗಳ ಬಾಯಲ್ಲಿ ಸುಲಭವಾಗಿ ಬರುತ್ತದೆ. ಉದ್ಘಾಟನೆಯ ಫೋಟೋಕ್ಕೆ ಒಂದು ಬೆಳ್ಳಕ್ಕಿ ಇದ್ದರೆ ಚೆನ್ನ. ಆದರೆ ಮೆಟ್ಟುಗಾಲು ಹಕ್ಕಿ ಕೊಳಕು ನೀರಿನಲ್ಲಿಯೇ ಹೆಚ್ಚು ಹುಳುಗಳನ್ನು ಕಾಣುತ್ತದೆ. ಆ ಹಕ್ಕಿ ಹಿಂಡುಗಟ್ಟಿರುವುದು ನೀರು ಶುದ್ಧವಾಗಿದೆ ಎಂಬುದಕ್ಕಿಂತ, ಇನ್ನೂ ಶುದ್ಧವಾಗಬೇಕಾಗಿದೆ ಎಂಬುದಕ್ಕೆ ಸಾಕ್ಷಿಯಾದೀತು. ಹಕ್ಕಿಗೆ ಒಗ್ಗಿದ ನೀರು ಕೆಳಗಿನ ಕೇರಿಯ ಬಾವಿಗೆ ಒಗ್ಗಬೇಕೆಂದಿಲ್ಲ. ಕೊಳಚೆಕೊಳದಲ್ಲಿ ಹಕ್ಕಿಗಳ ಪಟ್ಟಿ ಮಾಡುವ ವಿದ್ಯಾರ್ಥಿಗಳು ತಮ್ಮ ಪಟ್ಟಿಯನ್ನು ಯಾರು ಹೇಗೆ ಬಳಸುತ್ತಾರೆ ಎಂಬುದರ ಮೇಲೂ ಕಣ್ಣಿಡಬೇಕು.

ಪಟ್ಟಿಯ ಪಕ್ಕದಲ್ಲಿ ನೀರಿನ ಲೆಕ್ಕವೂ ಇದ್ದಾಗ ಮಾತ್ರ ಅದು ಅರ್ಥಪೂರ್ಣ. ಶುದ್ಧೀಕರಣ ಘಟಕಗಳು 1974ರ ಜಲಮಾಲಿನ್ಯ ತಡೆ ಕಾಯಿದೆಯ ಅಡಿಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು ನಡೆಯಬೇಕು. ಹೊರಬಿಡುವ ನೀರು ನಿಗದಿತ ಮಿತಿಯೊಳಗಿರಬೇಕು. ಆ ಸಮ್ಮತಿಪತ್ರದ ಷರತ್ತುಗಳನ್ನೂ ನೀರಿನ ಪರೀಕ್ಷಾ ವರದಿಗಳನ್ನೂ 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಯಾವ ನಾಗರಿಕನೂ ಕೇಳಿ ಪಡೆಯಬಹುದು. ಆದರೆ ಕಾಗದದ ವರದಿ ತಿಂಗಳಿಗೊಮ್ಮೆ ತುಂಬಿದ ಬಾಟಲಿಯೊಂದರ ವರದಿ. ಆಷಾಢದ ಮಳೆಯಲ್ಲಿ ಕೊಳ ತುಂಬಿ ಏರಿಯ ಮೇಲೆ ಹರಿದು ಹಳ್ಳಕ್ಕೆ ಬಿದ್ದರೆ, ರಾತ್ರಿಯಲ್ಲಿ ಬಳಸುಗಾಲುವೆಯ ಬಾಗಿಲು ಎತ್ತಿ ಕೊಳಚೆಯನ್ನು ಹಾಗೆಯೇ ಬಿಟ್ಟರೆ, ವರದಿಯಲ್ಲಿ ಕಾಣದು. ವಾರಕ್ಕೊಮ್ಮೆ ಬೆಳಗ್ಗೆ ಆರೂವರೆಗೆ ಅಲ್ಲಿ ನಿಂತು ಹಕ್ಕಿ ಎಣಿಸುವವನ ಕಣ್ಣಿಗೆ ಕಾಣುತ್ತದೆ. ಮಲೆನಾಡಿನ ಕೊಳಚೆಕೊಳಗಳಿಗೆ ಬಯಲುಸೀಮೆಯವುಗಳಿಗಿಲ್ಲದ ತೊಂದರೆಯೆಂದರೆ ಮಳೆಯೇ. ಬಿಸಿಲನ್ನು ನಂಬಿದ ವ್ಯವಸ್ಥೆಗೆ ನಾಲ್ಕು ತಿಂಗಳು ಬಿಸಿಲೇ ಇಲ್ಲದಿದ್ದರೆ ಏನು ಗತಿ? ಕೊಳಗಳಿರುವುದು ಇಳಿಜಾರಿನ ತಗ್ಗಿನಲ್ಲಿ. ಅದರ ಕೆಳಗೆ ಹಳ್ಳ, ಹಳ್ಳದ ಕೆಳಗೆ ಹಳ್ಳಿ. ತುಂಗೆ, ಭದ್ರೆ, ಶರಾವತಿ, ಕಾವೇರಿಗಳು ತೊಟ್ಟಿಲಲ್ಲಿರುವಾಗಲೇ ಪಟ್ಟಣಗಳ ಚರಂಡಿಯನ್ನು ಹೊರುವಂತಾದರೆ ಕೆಳಗಿನ ಊರುಗಳು ಯಾರನ್ನು ದೂರಬೇಕು?

ಗೇಟು ತೆರೆಯಲು ಹಿಂಜರಿಯುವ ಸಿಬ್ಬಂದಿಯ ಭಯವೂ ಸುಳ್ಳಲ್ಲ. ಅಲ್ಲಿನ ಅಪಾಯಗಳು ಕಣ್ಣಿಗೆ ಕಾಣದಂಥವು. ಪ್ಲಾಸ್ಟಿಕ್ ಹಾಸು ಹೊದಿಸಿದ ಕೊಳದ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಬಿದ್ದವನಿಗೆ ಹಿಡಿದು ಹತ್ತಲು ಹುಲ್ಲುಕಡ್ಡಿಯೂ ಸಿಗದು. ಕೆಸರು ಒಣಗಿಸುವ ಕೊಳದ ಮೇಲುಪದರ ಗಟ್ಟಿನೆಲದಂತೆ ಕಾಣುತ್ತದೆ, ಅದರ ಮೇಲೆ ಹುಲ್ಲೂ ಬೆಳೆದಿರುತ್ತದೆ. ಕಾಲಿಟ್ಟರೆ ಒಳಗೆ ಹೂತುಹೋಗುವಷ್ಟು ಕೆಸರು. ಮುಚ್ಚಿದ ತೊಟ್ಟಿಗಳಲ್ಲಿ, ಆಳುಗುಂಡಿಗಳಲ್ಲಿ ಜಮೆಯಾಗುವ ವಿಷಾನಿಲ ಕೊಲ್ಲುತ್ತದೆ. ಇಲಿಜ್ವರ ಮಲೆನಾಡಿಗೆ ಹೊಸದಲ್ಲ. ಒಬ್ಬ ವಿದ್ಯಾರ್ಥಿ ಬಿದ್ದನೆಂದರೆ ನೋಟೀಸು ಬರುವುದು ಕಂಡಿ ಬಿಟ್ಟ ಗುತ್ತಿಗೆದಾರನಿಗೋ ಅಥವಾ ಪಾಳಿಯಲ್ಲಿದ್ದ ಕಾವಲುಗಾರನಿಗೋ ಎಂಬುದನ್ನು ಹೇಳಬೇಕಾಗಿಲ್ಲ. ಆದ್ದರಿಂದ ಬೇಲಿ ನುಸುಳುವವನು ತನ್ನ ಪ್ರಾಣದ ಜೊತೆಗೆ ಇನ್ನೊಬ್ಬನ ಅನ್ನವನ್ನೂ ಪಣಕ್ಕಿಡುತ್ತಾನೆ.

ಆ ಇನ್ನೊಬ್ಬನ ಬಗ್ಗೆ ಪಕ್ಷಿಪ್ರಿಯರ ಬರಹಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಕೊಳಚೆಕೊಳದಲ್ಲಿ ದಿನವೂ ಇರುವವನು ಪಂಪು ನೋಡಿಕೊಳ್ಳುವವನು, ಜಾಲರಿಗೆ ಸಿಕ್ಕ ಬಟ್ಟೆ ಪ್ಲಾಸ್ಟಿಕ್ಕುಗಳನ್ನು ಎತ್ತಿಹಾಕುವವನು. ಒಳಚರಂಡಿಯಲ್ಲಿ ರಕ್ಷಣಾಸಾಧನಗಳಿಲ್ಲದೆ ಮನುಷ್ಯರನ್ನು ಇಳಿಸಬಾರದೆಂದು 2013ರ ಕಾಯಿದೆ ಹೇಳಿದರೂ ಸಾವುಗಳು ನಿಂತಿಲ್ಲ. ಕೈಗವಸಿಲ್ಲದೆ ಕೊಳಚೆಗೆ ಕೈಹಾಕುವವನ ಪಕ್ಕದಲ್ಲಿ ನಿಂತು, ಐವತ್ತು ಸಾವಿರದ ಲೆನ್ಸಿನಲ್ಲಿ ಉಲ್ಲಂಕಿಯ ಚಿತ್ರ ತೆಗೆದು ಹಿಂತಿರುಗುವುದಾದರೆ, ಅಂಥ ನಿಸರ್ಗಪ್ರೇಮದಲ್ಲಿ ಏನೋ ಕೊರತೆಯಿದೆ. ಹಕ್ಕಿಗಳು ಯಾವ ಹೊತ್ತಿಗೆ ಬರುತ್ತವೆ, ಯಾವ ಏರಿಯಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟಿದೆ ಎಂಬುದು ಪಟ್ಟಣದ ಪಕ್ಷಿತಜ್ಞರಿಗಿಂತ ಮೊದಲು ಆತನಿಗೇ ತಿಳಿದಿರುತ್ತದೆ. ಕೇಳುವ ಸೌಜನ್ಯ ಬೇಕು, ಅಷ್ಟೇ. ಅನುಮತಿಯ ಮೊದಲ ಷರತ್ತು ಆತನ ಕೆಲಸಕ್ಕೆ ಅಡ್ಡಿಯಾಗಬಾರದೆಂಬುದು; ಆತ ಹೊರಡಿ ಎಂದಾಗ ಎದುರು ಮಾತಿಲ್ಲದೆ ಹೊರಡಬೇಕು.

ಉಳಿದ ಷರತ್ತುಗಳು ಕಷ್ಟದವುಗಳಲ್ಲ. ಒಬ್ಬರೇ ಹೋಗಬಾರದು, ಐದಾರು ಜನಕ್ಕಿಂತ ಹೆಚ್ಚೂ ಹೋಗಬಾರದು. ಗುರುತು ಹಾಕಿದ ಏರಿಯ ಮೇಲೆ ಮಾತ್ರ ನಡೆಯಬೇಕು. ಎತ್ತರದ ಬೂಟು, ತೊಳೆಯಲು ಸಾಬೂನು ಜೊತೆಗಿರಬೇಕು. ಒಳಗೆ ತಿಂಡಿ ತಿನ್ನಬಾರದು. ಪುಟ್ಟ ಮಕ್ಕಳಿಗೆ, ಶಾಲೆಯ ಪ್ರವಾಸಗಳಿಗೆ ಬೇಲಿಯ ಹೊರಗೊಂದು ಎತ್ತರದ ಜಗಲಿ ಕಟ್ಟಿದರೆ ಸಾಕು, ಒಳಗೆ ಬಿಡಬಾರದು. ಮಳೆಗಾಲದಲ್ಲಿ ಏರಿ ಜಾರುವುದರಿಂದ ಪ್ರವೇಶವೇ ಬೇಡ. ಉಕ್ಕಿ ಹರಿಯುವುದನ್ನು ಹಳ್ಳದ ಬದಿಯಿಂದಲೂ ನೋಡಬಹುದು. ಚಿತ್ರ ತೆಗೆಯುವ ಹುಮ್ಮಸ್ಸಿನಲ್ಲಿ ಹಿಂಡನ್ನು ಎಬ್ಬಿಸಿ ಹಾರಿಸುವುದು, ಡ್ರೋನ್ ಬಿಡುವುದು, ಗೂಡಿನ ಬಳಿ ಸುಳಿಯುವುದು ನಡೆಯಕೂಡದು. ಸತ್ತ ಹಕ್ಕಿ ಕಂಡರೆ ಮುಟ್ಟದೆ ಕೂಡಲೇ ತಿಳಿಸಬೇಕು. 2019ರ ನವೆಂಬರಿನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ ಬಾಟುಲಿಸಂ ಎಂಬ ವಿಷರೋಗದಿಂದ ಸಾವಿರಾರು ವಲಸೆಹಕ್ಕಿಗಳು ಸತ್ತವು. ಕೊಳೆತ ಹೆಣಗಳ ಹುಳುಗಳನ್ನು ತಿಂದ ಹಕ್ಕಿಗಳಿಗೂ ಆ ವಿಷ ಏರುತ್ತದೆ. ಹೆಣಗಳನ್ನು ಬೇಗ ತೆಗೆದಷ್ಟೂ ಸಾವು ಕಡಿಮೆ. ನಿಂತ, ಬೆಚ್ಚಗಿನ, ಕೊಳೆಯುವ ನೀರಿರುವ ಕಡೆಯಲ್ಲೆಲ್ಲ ಆ ಭಯವಿದೆ. ಹಕ್ಕಿಗಳನ್ನು ಬಲ್ಲ ಕಣ್ಣು ಅಲ್ಲಿ ಸುಳಿದಾಡುತ್ತಿದ್ದರೆ ಆಡಳಿತಕ್ಕೂ ಲಾಭವೇ.

ಕಾಡೇ ಬಾಗಿಲಲ್ಲಿರುವ ಮಲೆನಾಡಿನವರು ಕೊಳಚೆಗುಂಡಿಗೆ ಹೋಗಿ ಹಕ್ಕಿ ನೋಡಬೇಕೇ ಎಂದು ಕೇಳುವವರಿದ್ದಾರೆ. ಮಂಗಟ್ಟೆಹಕ್ಕಿಯನ್ನು ನೋಡುವ ಕಣ್ಣಿಗೆ ಹಬ್ಬ ಬೇರೆ, ನಿಜ. ಕೊಳಚೆಯ ಪಕ್ಕದಲ್ಲಿ ಸೌಂದರ್ಯವನ್ನು ಹುಡುಕುವುದು ಮಾಲಿನ್ಯದೊಡನೆ ರಾಜಿಯಾದಂತೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಅದಕ್ಕೆ ಉತ್ತರವಿಷ್ಟೆ: ಕೊಳಚೆ ಹುಟ್ಟುವುದು ಪ್ರತಿ ಮನೆಯ ಬಚ್ಚಲಿನಲ್ಲಿ. ಕಣ್ಣಿಗೆ ಕಾಣದಂತೆ ಕೊಳವೆಯಲ್ಲಿ ಹರಿಸಿ, ಬೇಲಿ ಹಾಕಿ, ಬೀಗ ಜಡಿದು ಮರೆತುಬಿಡುವುದೇ ಅದರೊಡನೆ ಮಾಡಿಕೊಂಡ ನಿಜವಾದ ರಾಜಿ. ಕೊಳಚೆಕೊಳ ಎಲ್ಲಿರಬೇಕೆಂಬ ಚರ್ಚೆ ಬಂದಾಗ ‘ನಮ್ಮೂರಿನ ಬಳಿ ಬೇಡ’ ಎನ್ನುವ ಹಳ್ಳಿಗರ ಕೋಪಕ್ಕೂ ಮೂಲ ಇದೇ. ಕಟ್ಟುವ ಮೊದಲು ಯಾರನ್ನೂ ಕೇಳುವುದಿಲ್ಲ, ಕಟ್ಟಿದ ಮೇಲೆ ಯಾರನ್ನೂ ಒಳಬಿಡುವುದಿಲ್ಲ. ಒಳಗೆ ಏನು ನಡೆಯುತ್ತಿದೆ ಎಂದು ನೋಡಿ ಬಂದು ಹೇಳುವ ಊರಿನ ಹುಡುಗನೊಬ್ಬ, ಹುಡುಗಿಯೊಬ್ಬಳು ಇದ್ದಿದ್ದರೆ ಆ ಕೋಪ ಬೇರೆಯ ರೂಪ ಪಡೆಯುತ್ತಿತ್ತೋ ಏನೋ.

ಆರಂಭಿಸಲು ಒಂದು ಅನುಕೂಲದ ಕಾಲವಿದೆ. 1987ರಿಂದ ಪ್ರತಿವರ್ಷ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ಏಕಕಾಲಕ್ಕೆ ನೀರುಹಕ್ಕಿಗಳ ಗಣತಿ ನಡೆಯುತ್ತ ಬಂದಿದೆ. ಹವ್ಯಾಸಿಗಳೇ ಅದನ್ನು ನಡೆಸುವವರು. ಮಾನವನಿರ್ಮಿತ ಕೊಳಗಳನ್ನೂ ಎಣಿಕೆಗೆ ಸೇರಿಸಿಕೊಳ್ಳುತ್ತಾರೆ. ಕಾಲೇಜಿನ ಜೀವಶಾಸ್ತ್ರ ವಿಭಾಗದವರಾಗಲಿ ಯುವಕ ಸಂಘದವರಾಗಲಿ ಡಿಸೆಂಬರ್ ಮೊದಲ ವಾರದಲ್ಲಿಯೇ ಪಟ್ಟಣ ಪಂಚಾಯಿತಿಯ ಅಥವಾ ಪುರಸಭೆಯ ಮುಖ್ಯಾಧಿಕಾರಿಗೆ ಅರ್ಜಿ ಬರೆಯಬಹುದು. ಬರುವವರ ಹೆಸರು, ದಿನ, ಹೊತ್ತು, ಜವಾಬ್ದಾರರಾದ ಒಬ್ಬ ಅಧ್ಯಾಪಕರ ಸಹಿ ಅದರಲ್ಲಿರಲಿ. ಷರತ್ತುಗಳನ್ನು ಅವರು ಹೇಳುವ ಮೊದಲೇ ತಾವೇ ಬರೆದು ಒಪ್ಪಿಗೆ ಸೂಚಿಸಲಿ. ಗಣತಿಯ ಒಂದು ಪ್ರತಿಯನ್ನು ಕಚೇರಿಗೆ ಕೊಡುವುದಾಗಿ ತಿಳಿಸಲಿ, ಜೊತೆಗೆ ಕಳೆದ ಹನ್ನೆರಡು ತಿಂಗಳ ನೀರಿನ ಪರೀಕ್ಷಾ ವರದಿಯ ಪ್ರತಿಯನ್ನು ಕೇಳಲಿ. ಅರ್ಜಿಗೆ ಮುದ್ರೆ ಹಾಕಿಸಿ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು. ಉತ್ತರ ಬಾರದಿದ್ದರೆ ಆ ಸ್ವೀಕೃತಿಯನ್ನೇ ಹಿಡಿದು ವಾರ್ಡಿನ ಸದಸ್ಯರ ಮನೆಗೆ ಹೋಗಬೇಕು. ಅನುಮತಿ ಸಿಕ್ಕಿದ ದಿನ, ಬೇಲಿಯ ಕಂಡಿ ಎಲ್ಲಿದೆ ಎಂಬುದನ್ನು ಮೊದಲು ಕಾವಲುಗಾರನಿಗೆ ತೋರಿಸಿ, ಆಮೇಲೆ ಗೇಟಿನ ಮೂಲಕ ಒಳಹೋಗಬೇಕು.